ಲೆಕ್ಕ ಬರೆಯುವ ಜಾಗ ಒಂದೇ ಇರಲಿ

ಉದಗಾಂವದ ಕಬ್ಬಿನ ಬಿಲ್ಲು, ಇಚಲಕರಂಜಿಯ ಮಗ್ಗದ ಕೂಲಿ, ಮನೆಖರ್ಚು: ಎಲ್ಲವನ್ನೂ ಗ್ನುಕ್ಯಾಶ್‌ನಂಥ ಉಚಿತ ತಂತ್ರಾಂಶದಲ್ಲಿ ಬರೆದು, ಎಕ್ಸೆಲ್‌ಗೆ ತಂದು ನೋಡಬಹುದು. ಆದರೆ ಬರೆಯುವುದು, ತಿದ್ದುವುದು ತಂತ್ರಾಂಶದಲ್ಲೇ ಇರಲಿ. ಎಕ್ಸೆಲ್ ನೋಡುವುದಕ್ಕೆ ಮಾತ್ರ. ಯಾಕೆಂದರೆ ನಡುವೆ ಡೇಟಾ ಸಾಗಿಸುವ ಸಿಎಸ್‌ವಿ ಫೈಲು ಬರೀ ಅಕ್ಷರಗಳ ಸಾಲು. ಯಾವುದು ತಾರೀಖು, ಯಾವುದು ಮೊತ್ತ ಎಂದು ಅದು ಹೇಳುವುದಿಲ್ಲ. 1,25,000 ಎಂಬ ಮೊತ್ತದ ಸುತ್ತ ಉದ್ಧರಣ ಚಿಹ್ನೆ ಇಲ್ಲದಿದ್ದರೆ ಅದು ಅಲ್ಪವಿರಾಮ ಇರುವಲ್ಲೆಲ್ಲ ಒಡೆದು ಮೂರು ಕಾಲಂ ಆಗುತ್ತದೆ. 03/04/2025 ನಮಗೆ ಏಪ್ರಿಲ್ 3. ಅಮೆರಿಕದ ಸೆಟ್ಟಿಂಗ್ ಇರುವ ಕಂಪ್ಯೂಟರಿಗೆ ಮಾರ್ಚ್ 4. ಅಲ್ಲಿಗೆ ಆ ತಾರೀಖಿನ ಜಮೆ ಹಿಂದಿನ ಹಣಕಾಸು ವರ್ಷಕ್ಕೆ ಹೋಯಿತು! 16 ಅಂಕಿಯ ಖಾತೆ ಸಂಖ್ಯೆಯನ್ನು ಸಂಖ್ಯೆಯಾಗಿ ಓದಿದರೆ ಎಕ್ಸೆಲ್ ಕೊನೆಯ ಅಂಕಿಯನ್ನು ಸೊನ್ನೆ ಮಾಡುತ್ತದೆ.

ಹಾಗಾದರೆ ಎಕ್ಸೆಲ್ ಒಂದೇ ಸಾಲದೇ? ನಾಲ್ಕಾರು ಖರ್ಚಿಗೆ ಸಾಕು. ದಿನಗಳ ಲೆಕ್ಕಕ್ಕೂ ಒಳ್ಳೆಯದು: ಕಬ್ಬು ಕಳಿಸಿದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕೆನ್ನುತ್ತದೆ 1966ರ ಕಬ್ಬು ನಿಯಂತ್ರಣ ಆದೇಶ. ಎಷ್ಟು ದಿನ ತಡವಾಯಿತೆಂದು ಎಣಿಸಲು ಎಕ್ಸೆಲ್‌ಗೆ ಸರಿಸಾಟಿಯಿಲ್ಲ. ಆದರೆ ಕಾರ್ಖಾನೆಯ ಬಾಕಿ, ಸೊಸೈಟಿ ಸಾಲದ ಕಡಿತ, ಬ್ಯಾಂಕಿಗೆ ಬಿದ್ದ ಹಣ ಒಂದಕ್ಕೊಂದು ಕೂಡದಿದ್ದರೆ ಪ್ರತಿ ಮೊತ್ತವನ್ನೂ ಜಮೆ-ಖರ್ಚು ಎರಡೂ ಬದಿ ಬರೆಸಿಕೊಳ್ಳುವ ತಂತ್ರಾಂಶ ತೋರಿಸಿಕೊಡುತ್ತದೆ. ಎಕ್ಸೆಲ್‌ನಲ್ಲಿ ಒಂದು ಸಾಲೇ ಅಳಿಸಿಹೋದರೂ ಅದು ತುಟಿಬಿಚ್ಚುವುದಿಲ್ಲ.

ಇಷ್ಟೆಲ್ಲ ನೋಡಲು ಪುರುಸೊತ್ತಿಲ್ಲ ಎನ್ನುವಿರಾ? ಮೂರೇ ಕೆಲಸ. ತಾರೀಖು 2025-04-03 ಎಂಬ ಕ್ರಮದಲ್ಲಿರಲಿ. ಫೈಲು ತೆರೆಯುವಾಗ ಯುಟಿಎಫ್-8 ಎಂಬ ಅಕ್ಷರ ಸಂಕೇತ ಆರಿಸಿ; ಆಗ ಕನ್ನಡ, ಮರಾಠಿ ಹೆಸರುಗಳು ಕೆಡುವುದಿಲ್ಲ. ಸಾಲುಗಳ ಲೆಕ್ಕ, ಒಟ್ಟು ಮೊತ್ತ ಎರಡೂ ಕಡೆ ತಾಳೆ ನೋಡಿ. ತಪ್ಪಿದರೆ ಎಕ್ಸೆಲ್‌ನಲ್ಲಿ ತೇಪೆ ಹಾಕಬೇಡಿ. ತಂತ್ರಾಂಶದಿಂದ ಫೈಲನ್ನೇ ಮತ್ತೆ ತೆಗೆಯಿರಿ.