ತಲೆಯ ಮೇಲೆ ಗೀಟಿರುವ ‘ಇ’
ಫ್ರೆಂಚರು ಬರೆಯುವ ‘ಕಫೇ’ಯ ಕೊನೆಯಲ್ಲಿ ಓರೆಗೀಟು ಹೊತ್ತ ಒಂದು ‘ಇ’ ಇದೆ. ಹಳೆಯ ಡಾಸ್‌ನಲ್ಲಿ ಅದರ ಸಂಖ್ಯೆ 130, ಹಳೆಯ ಮ್ಯಾಕ್‌ನಲ್ಲಿ 142, ವಿಂಡೋಸ್‌ನಲ್ಲಿ 233. ಫೈಲಿನೊಳಗೆ ಕೂತಿರುವುದು ಸಂಖ್ಯೆ ಮಾತ್ರ. ಹಾಗಾಗಿ ವಿಂಡೋಸ್‌ನ 233 ಹಳೆಯ ಮ್ಯಾಕ್‌ನಲ್ಲಿ ಉಲ್ಟಾ ಗೀಟಿನ ದೊಡ್ಡ ‘ಇ’ ಆಯಿತು. ಡಾಸ್‌ನಲ್ಲಂತೂ ಗ್ರೀಕರ ಥೀಟಾ!

ಕನ್ನಡದ ‘ನುಡಿ’ ತಂತ್ರಾಂಶದಲ್ಲಿ ಟೈಪಿಸಿದ ಹಳೆಯ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದವರಿಗೆ ಇಂಥ ಗೀಟಿನಕ್ಷರಗಳ ದರ್ಶನ ಆಗಿಯೇ ಇರುತ್ತದೆ.

1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ಎಂಬ ಸಂಕೇತ ಪದ್ಧತಿಯಲ್ಲಿ ಓರೆಗೀಟಿನ ಆ ‘ಇ’ಗೆ ಎರಡು ಬೈಟ್: 195, 169. ಆದರೆ ಯುಟಿಎಫ್-8ರಲ್ಲಿರುವ ಸಿಎಸ್‌ವಿ ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಎಕ್ಸೆಲ್ ಕೆಲವೊಮ್ಮೆ ಅವನ್ನು ಎರಡು ಬೇರೆ ಬೇರೆ ಚಿಹ್ನೆಗಳೆಂದು ಓದುತ್ತದೆ. ಆಗ ಸೇವ್ ಒತ್ತಲೇಬಾರದು. ‘ಡೇಟಾ’ ಮೆನುವಿನಿಂದ ಫೈಲನ್ನು ಇಂಪೋರ್ಟ್ ಮಾಡಿ, ‘ಫೈಲ್ ಒರಿಜಿನ್’ನಲ್ಲಿ 65001, ಅಂದರೆ ಯುಟಿಎಫ್-8, ಆರಿಸಬೇಕು.