ಕಡಿದ ಅಂಗದ ನೆನಪು

ಕಪ್ಪೆಯ ದಾಯಾದಿಯಾದ ಸಾಲಮಾಂಡರ್ ಎಂಬ ಉಭಯಚರ ಪ್ರಾಣಿಯು ಕಡಿದುಹೋದ ಕಾಲನ್ನು ಮರಳಿ ಬೆಳೆಸಿಕೊಳ್ಳುವುದೆಂಬುದನ್ನು ಇಟಲಿಯ ಸ್ಪಲ್ಲಾಂಜಾನಿ ಎಂಬ ಪಾದ್ರಿಗಳು 1768ರಲ್ಲಿಯೇ ಪ್ರಕಟಪಡಿಸಿದರು. ಕನ್ನಡ ನಾಡಿನಲ್ಲಿ ಈ ಪ್ರಾಣಿಯಿಲ್ಲ. ನಮ್ಮ ವಾಚಕರಿಗೆ ಹತ್ತಿರದ ದೃಷ್ಟಾಂತವೆಂದರೆ ಗೋಡೆಯ ಹಲ್ಲಿ. ಆದರೆ ಹಲ್ಲಿಯ ಹೊಸ ಬಾಲವು ಹಳೆಯದರ ಅರೆಬರೆ ಅನುಕರಣವು. ಅದರಲ್ಲಿ ಬೆನ್ನೆಲುಬಿನ ಮಣಿಗಳಿಗೆ ಬದಲಾಗಿ ಮೃದ್ವಸ್ಥಿಯ ಒಂದು ಕೊಳವೆ ಮಾತ್ರವಿರುವುದು. ಸಾಲಮಾಂಡರಿನಲ್ಲಾದರೋ ಎಲುಬು, ಮಾಂಸಖಂಡ, ನರ, ಚರ್ಮಗಳೊಡನೆ, ಬೆರಳುಗಳ ಕ್ರಮವೂ ತಪ್ಪದೆ, ಹೋದ ಅಂಗವೇ ಹಿಂದಿರುಗುವುದು.

ಬೆಳೆಯುವುದು ಸೋಜಿಗವೇ ಸರಿ. ಎಲ್ಲಿಂದ ಬೆಳೆಯಬೇಕೆಂಬುದನ್ನು ಅರಿತಿರುವುದು ಅದಕ್ಕಿಂತಲೂ ದೊಡ್ಡ ಸೋಜಿಗ. ಮಣಿಕಟ್ಟಿನಲ್ಲಿ ಕತ್ತರಿಸಿದರೆ ಹಸ್ತ ಮಾತ್ರ ಬರುವುದು. ತೋಳಿನಲ್ಲಿ ಕತ್ತರಿಸಿದರೆ ಮೊಣಕೈ ಮೊದಲ್ಗೊಂಡು ಬೆರಳ ತುದಿಯವರೆಗೆ ಎಲ್ಲವೂ ಬರುವುದು. ಗಾಯದ ಬಾಯಲ್ಲಿ ನೆರೆದ ಜೀವಕೋಶಗಳ ಮೊಗ್ಗಿಗೆ ಈ ಲೆಕ್ಕವನ್ನು ಹೇಳಿಕೊಟ್ಟವರಾರು? ಅಲ್ಲಿ ಶಾನುಭೋಗನಿಲ್ಲ, ಗ್ರಾಮದ ನಕ್ಷೆಯೂ ಇಲ್ಲ.

ಗಾಯವಾದೊಡನೆ ಕೋಶಗಳು ತಮ್ಮ ಪೂರ್ವವೃತ್ತಿಯನ್ನು ಮರೆತು, ಏನು ಬೇಕಾದರೂ ಆಗಬಲ್ಲ ಸ್ಥಿತಿಗೆ ಮರಳುವುವೆಂದು ಹಿಂದೆ ಅನೇಕ ಪಂಡಿತರು ಭಾವಿಸಿದ್ದರು. 2009ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ ಎಲ್ಲಿ ತನಾಕಾ ಎಂಬ ವಿದುಷಿಯರೂ ಅವರ ಸಹೋದ್ಯೋಗಿಗಳೂ ಮೆಕ್ಸಿಕೋ ದೇಶದ ಆಕ್ಸೊಲಾಟಲ್ ಎಂಬ ಸಾಲಮಾಂಡರಿನಲ್ಲಿ, ಹಸುರಾಗಿ ಹೊಳೆಯುವ ಗುರುತನ್ನು ಕೋಶಗಳಿಗೆ ಹಾಕಿ ಹಿಂಬಾಲಿಸಿದರು. ಮಾಂಸಖಂಡದ ಕೋಶವು ಮಾಂಸಖಂಡವನ್ನೇ ಕಟ್ಟಿತು. ಮೃದ್ವಸ್ಥಿಯ ಕೋಶಗಳಿಗೆ ತಾವಿದ್ದ ಸ್ಥಳದ ನೆನಪಿತ್ತು. ನರಗಳಿಗೆ ಹೊದಿಕೆಯಾಗುವ ಕೋಶಗಳಿಗೆ ಅದಿರಲಿಲ್ಲ.

ನೆನಪಿನ ಸ್ವರೂಪವು ಒಂದಂಶದಲ್ಲಿ ಬಯಲಾದದ್ದು 2025ರಲ್ಲಿ, ವಿಯೆನ್ನಾ ನಗರದಲ್ಲಿ, ಅದೇ ವಿದುಷಿಯ ಪ್ರಯೋಗಾಲಯದಿಂದ. ನಮ್ಮ ಕೈಗೆ ಹೋಲಿಸಿ ಹೇಳುವುದಾದರೆ, ಕಿರುಬೆರಳ ಬದಿಯ ಕೋಶಗಳಲ್ಲಿ ಹ್ಯಾಂಡ್-2 ಎಂಬ ಜೀನು ಬೂದಿ ಮುಚ್ಚಿದ ಕೆಂಡದಂತೆ ಸದಾ ಮಂದವಾಗಿ ಉರಿಯುತ್ತಿರುವುದು. ಅಂಗವು ತುಂಡಾದಾಗ ಅದು ಪ್ರಜ್ವಲಿಸಿ, ಸಾನಿಕ್ ಹೆಜ್‌ಹಾಗ್ ಎಂಬ ಸಂದೇಶದ್ರವ್ಯವನ್ನು ಹೊರಡಿಸುವುದು. (ಹೆಸರಿಟ್ಟವರು ವಿನೋದಪ್ರಿಯರೆಂಬುದರಲ್ಲಿ ಸಂದೇಹವಿಲ್ಲ.) ಆ ದ್ರವ್ಯವು ಹ್ಯಾಂಡ್-2ನ್ನು ಮತ್ತಷ್ಟು ಊದಿ ಉರಿಸುವುದು. ಅಂಗವು ಪೂರ್ಣವಾದ ಮೇಲೆ ದ್ರವ್ಯವು ನಿಲ್ಲುವುದು, ಕೆಂಡವು ಉಳಿಯುವುದು. ಹೆಬ್ಬೆರಳ ಬದಿಯ ಕೋಶಗಳಿಗೂ ಮರುಬೆಳವಣಿಗೆಯ ಕಾಲದಲ್ಲಿ ಕೆಲಕಾಲ ಈ ದ್ರವ್ಯದ ಸಂಪರ್ಕವುಂಟಾದರೆ, ಅವು ತಮ್ಮ ಹಳೆಯ ವಿಳಾಸವನ್ನು ಬಿಟ್ಟು ಕಿರುಬೆರಳ ಬದಿಯ ನೆನಪನ್ನು ಸ್ಥಿರವಾಗಿ ತಳೆಯುವುವು. ಅಂದರೆ ನೆನಪನ್ನು ತಿದ್ದಬಹುದು.

ತೋಳಿನಿಂದ ಬೆರಳಿನವರೆಗಿನ ಉದ್ದದ ಲೆಕ್ಕವು ಬೇರೆ. 1982ರಲ್ಲಿ ಮಾಲ್ಕಮ್ ಮೇಡನ್ ಎಂಬವರು ಮಣಿಕಟ್ಟಿನಲ್ಲಿ ಕತ್ತರಿಸಿದ ಆಕ್ಸೊಲಾಟಲ್‌ಗಳಿಗೆ ವೈಟಮಿನ್ ಎ ಕೊಡಲು, ಹಸ್ತವಿರಬೇಕಾದ ಸ್ಥಳದಿಂದ ಇಡೀ ತೋಳೇ ಹೊರಟಿತು. ಹತ್ತು ವರ್ಷಗಳ ತರುವಾಯ, 1992ರಲ್ಲಿ, ಒರಿಸ್ಸಾದ ಉತ್ಕಲ ವಿಶ್ವವಿದ್ಯಾನಿಲಯದ ಪ್ರಿಯಂವದಾ ಮೊಹಂತಿ ಹೇಜ್ಮಾಡಿಯವರೂ ಅವರ ಸಂಗಡಿಗರೂ ಕಪ್ಪೆಯ ಗೊದಮೊಟ್ಟೆಗಳ ಬಾಲವನ್ನು ಕತ್ತರಿಸಿ ಅದೇ ವೈಟಮಿನನ್ನು ಪ್ರಯೋಗಿಸಿದಾಗ, ಬಾಲವಿದ್ದೆಡೆಯಲ್ಲಿ ಕಾಲುಗಳು ಮೂಡಿದುವು. ನಮ್ಮ ದೇಶದ ಪ್ರಯೋಗಾಲಯವೊಂದರಲ್ಲಿ ನಡೆದ ಈ ಶೋಧವು ಜಗತ್ತಿನ ವಿದ್ವಾಂಸರನ್ನು ಬೆರಗುಗೊಳಿಸಿದ್ದರೂ, ನಮ್ಮ ವಿದ್ಯಾವಂತರಲ್ಲಿ ಎಷ್ಟು ಮಂದಿ ಆ ವಿದುಷಿಯ ಹೆಸರನ್ನು ಕೇಳಿರುವರು?

ಇನ್ನು ಮನುಷ್ಯನ ಮಾತು. ಯಂತ್ರಕ್ಕೆ ಕೈ ಕೊಟ್ಟ ಕಾರ್ಮಿಕನೂ ರೈಲಿನಡಿಯಲ್ಲಿ ಕಾಲು ಕಳೆದುಕೊಂಡ ಪ್ರಯಾಣಿಕನೂ ಇಂಥ ಸುದ್ದಿಯನ್ನು ಓದಿದಾಗ ಏನನ್ನು ಕೇಳುವರೆಂಬುದನ್ನು ನಾವು ಬಲ್ಲೆವು. ನಮ್ಮ ಚರ್ಮದ ಕೋಶಗಳೂ ಮೈಯ ಯಾವ ಭಾಗದವೆಂಬ ಗುರುತನ್ನು, ಗಾಜಿನ ತಟ್ಟೆಯಲ್ಲಿ ಬೆಳೆಸಿದಾಗಲೂ ಬಿಡುವುದಿಲ್ಲವೆಂದು 2002ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿರುವರು. ವಿಳಾಸವು ನಮ್ಮಲ್ಲಿಯೂ ಇರುವುದು. ಆದರೆ ನಮ್ಮ ಗಾಯವು ಮೊಗ್ಗೊಡೆಯದೆ ಕಲೆಗಟ್ಟಿ ಮುಚ್ಚಿಕೊಳ್ಳುವುದು. ಕೈಕಾಲುಗಳನ್ನು ಚಿಗುರಿಸುವ ಔಷಧವು ಇಂದು ಯಾವ ವೈದ್ಯರ ಬಳಿಯೂ ಇಲ್ಲ. ಉಂಟೆಂದು ಹಣ ಕೇಳುವವರಿಂದ ನಮ್ಮ ಜನರು ದೂರವಿರಬೇಕು. ವೈಟಮಿನ್ ಎ ಗುಳಿಗೆಗಳನ್ನು ಅತಿಯಾಗಿ ಸೇವಿಸಿದರೆ ಗರ್ಭಸ್ಥ ಶಿಶುವಿನ ಅಂಗಗಳೇ ವಿಕಾರಗೊಳ್ಳಬಹುದು. ಮನುಷ್ಯರಲ್ಲಿ ಸದ್ಯಕ್ಕೆ ಕಂಡಿರುವುದಿಷ್ಟು: ಉಗುರಿನ ಬುಡವು ಉಳಿದಿದ್ದರೆ, ಎಳೆಯ ಮಕ್ಕಳಲ್ಲಿ ತುಂಡಾದ ಬೆರಳ ತುದಿಯು ಕೆಲವೊಮ್ಮೆ ತಾನಾಗಿಯೇ ಬೆಳೆದುಬರುವುದು.