ಮಡಿಲ ಗಿಟಾರಿನ ಶ್ರುತಿಗಳು

ಗಿಟಾರಿನ ಹೆಸರನ್ನು ಕೇಳದ ವಿದ್ಯಾರ್ಥಿಯು ನಮ್ಮ ಕಾಲೇಜಿನಲ್ಲಿ ಇರಲಾರನು. ಆದರೆ ಆ ವಾದ್ಯವನ್ನು ಎದೆಗೆ ಆನಿಸಿಕೊಳ್ಳದೆ, ಕೂಸಿನಂತೆ ಮಡಿಲಲ್ಲಿ ಅಂಗಾತ ಮಲಗಿಸಿಕೊಂಡು, ಎಡಗೈಯಲ್ಲಿ ಉಕ್ಕಿನ ಸಲಾಕೆಯೊಂದನ್ನು ಹಿಡಿದು ತಂತಿಗಳ ಮೇಲೆ ಜಾರಿಸುತ್ತ ನುಡಿಸುವ ಪದ್ಧತಿಯೊಂದುಂಟು ಎಂದರೆ ಹಲವರಿಗೆ ಆಶ್ಚರ್ಯವಾಗುತ್ತದೆ. ನಾನು ಮೊದಲ ಸಲ ಹಾಸ್ಟೆಲಿನ ಕೋಣೆಯಲ್ಲಿ ಹಾಗೆ ಕುಳಿತಿದ್ದಾಗ ಗೆಳೆಯನೊಬ್ಬನು ಬಾಗಿಲಲ್ಲಿ ಇಣುಕಿ, "ಏನಯ್ಯಾ, ಗಿಟಾರಿಗೆ ಇಸ್ತ್ರಿ ಹಾಕುತ್ತಿದ್ದೀಯಾ?" ಎಂದು ಕೇಳಿದನು. ಅವನಿಗೆ ಅಂದು ಕೊಡಲಾಗದ ಉತ್ತರವನ್ನು ಈ ಲೇಖನದಲ್ಲಿ ಕೊಡಲು ಯತ್ನಿಸುತ್ತೇನೆ. ಸಂಗೀತಶಾಸ್ತ್ರದಲ್ಲಿ ನಾನು ಪಂಡಿತನಲ್ಲ. ಕೈಸುಟ್ಟುಕೊಂಡು ಕಲಿತದ್ದನ್ನು ಮಾತ್ರ ಹೇಳುತ್ತಿದ್ದೇನೆ. ತಪ್ಪಿದ್ದರೆ ಬಲ್ಲವರು ತಿದ್ದಬೇಕು.

ಈ ಗಿಟಾರು ನನಗೆ ಬಂದದ್ದು ನನ್ನ ಸೋದರಮಾವನಿಂದ. ಅವರು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಹಳೆಯ ಸಾಮಾನಿನ ಅಂಗಡಿಯಲ್ಲಿ ಕೊಂಡದ್ದಂತೆ. ಅವರು ತೀರಿಕೊಂಡ ಮೇಲೆ ಅತ್ತೆ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ನನ್ನ ಕೈಗಿತ್ತರು. ಇನ್ನೊಂದು ಕಡೆ, ಹನೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ತಾತ ಇದ್ದಾರೆ. ಅವರು ಬಾಲ್ಯದಿಂದ ತಂಬೂರಿ ಹಿಡಿದು ಪದ ಹೇಳಿದವರು. ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಪದಗಳು ಅವರಿಗೆ ಕಂಠಪಾಠ. ಚಿಕ್ಕಲ್ಲೂರು ಜಾತ್ರೆಯ ಚಂದ್ರಮಂಡಲದ ರಾತ್ರಿಯಲ್ಲಿ ಬೆಳಗಿನವರೆಗೆ ಹಾಡಿದ ಕಥೆಯನ್ನು ಅವರು ಈಗಲೂ ಹೇಳುತ್ತಾರೆ. ಮಾವನ ಗಿಟಾರನ್ನು ತಾತನ ತಂಬೂರಿಯ ಪಕ್ಕದಲ್ಲಿ ಒಮ್ಮೆಯಾದರೂ ನುಡಿಸಬೇಕು, ಅವರ ಗಂಟಲು ಪೂರ್ತಿ ಇಳಿದುಹೋಗುವ ಮೊದಲು ನುಡಿಸಬೇಕು ಎಂಬುದು ನನ್ನ ಹಂಬಲವಾಗಿತ್ತು. ಅದಕ್ಕೆ ಅಡ್ಡ ಬಂದದ್ದು ಕೈಚಳಕದ ಕೊರತೆಗಿಂತ ಹೆಚ್ಚಾಗಿ ಶ್ರುತಿಯ ಸಮಸ್ಯೆ.

ಮೊದಲು ವಾದ್ಯದ ಹುಟ್ಟನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ತಂತಿಯ ಮೇಲೆ ಉಕ್ಕನ್ನು ಜಾರಿಸುವ ಈ ಪದ್ಧತಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹವಾಯಿ ದ್ವೀಪಗಳಲ್ಲಿ ಬೆಳೆಯಿತು. ಜೋಸೆಫ್ ಕೆಕುಕು ಎಂಬ ಹವಾಯಿಯ ಯುವಕನಿಗೆ ಇದರ ಕೀರ್ತಿ ಸಾಮಾನ್ಯವಾಗಿ ಸಲ್ಲುತ್ತದೆ. ಭಾರತದಲ್ಲಿ ಹುಟ್ಟಿದವನೆಂದು ಹೇಳಲಾಗುವ ಗೇಬ್ರಿಯಲ್ ಡೇವಿಯನ್ ಎಂಬ ನಾವಿಕನ ಹೆಸರೂ ಈ ಸಂದರ್ಭದಲ್ಲಿ ಕೇಳಿಬರುವುದು ನಮಗೆ ಕುತೂಹಲದ ವಿಷಯ. ಅಲ್ಲಿಂದ ಅದು ಅಮೆರಿಕದ ನಾಡಿಗೆ ಹೋಗಿ, ಅಲ್ಲಿಯ ಹಳ್ಳಿಗರ ಹಾಡಾದ ಕಂಟ್ರಿ ಸಂಗೀತದಲ್ಲಿ ನೆಲೆಸಿತು. ೧೯೨೮ರಲ್ಲಿ, ಲೋಹದ ತಟ್ಟೆಯಿಂದ ನಾದವನ್ನು ಹೆಚ್ಚಿಸುವ ಡೋಬ್ರೊ ಬಂದಿತು. ೧೯೩೨ರಲ್ಲಿ ರಿಕನ್‌ಬ್ಯಾಕರ್ ಸಂಸ್ಥೆಯು ಬಾಣಲೆಯ ಆಕಾರದ ವಿದ್ಯುತ್ ಗಿಟಾರನ್ನು ಮಾರುಕಟ್ಟೆಗೆ ತಂದಿತು. ನಮ್ಮ ದೇಶದಲ್ಲಿ ಹವಾಯಿಯ ಟೌ ಮೋ ೧೯೪೦ರ ದಶಕದಲ್ಲಿ ಕಲ್ಕತ್ತೆಯಲ್ಲಿ ನೆಲೆಸಿ ಇದರ ರುಚಿ ಹತ್ತಿಸಿದರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಎದೆಗೆ ಆನಿಸಿ ನುಡಿಸುವ ಗಿಟಾರಿನಲ್ಲಿ ಎಡಗೈಯ ನಾಲ್ಕು ಬೆರಳುಗಳು ನಾಲ್ಕು ಕಡೆ ಕುಳಿತುಕೊಳ್ಳಬಲ್ಲವು. ಒಂದೊಂದು ತಂತಿಯನ್ನು ಒಂದೊಂದು ಮೆಟ್ಟಿಲಿನಲ್ಲಿ ಒತ್ತಬಹುದು. ಸಲಾಕೆಗೆ ಈ ಸೌಕರ್ಯವಿಲ್ಲ. ಅದು ನೆಟ್ಟಗಿನ ಒಂದು ಗೆರೆ. ಆರೂ ತಂತಿಗಳನ್ನು ಒಂದೇ ಮೆಟ್ಟಿಲಿನ ಮೇಲೆ ಮುಟ್ಟುತ್ತದೆ, ಒಟ್ಟಿಗೆ ಏರಿಸುತ್ತದೆ, ಒಟ್ಟಿಗೆ ಇಳಿಸುತ್ತದೆ. ಆದುದರಿಂದ ತಂತಿಗಳ ಪರಸ್ಪರ ಸಂಬಂಧವನ್ನು ಬೆರಳು ನಿರ್ಧರಿಸುವುದಿಲ್ಲ. ನುಡಿಸುವ ಮೊದಲೇ ಬಿರಡೆಯನ್ನು ತಿರುಗಿಸುವಾಗ ಅದು ನಿರ್ಧಾರವಾಗಿರುತ್ತದೆ. ನಮ್ಮ ಕೊಳ್ಳೇಗಾಲದ ರೇಷ್ಮೆ ಮಗ್ಗಗಳನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ಹೊಕ್ಕನ್ನು ಲಾಳಿ ಎಷ್ಟು ಸಲವಾದರೂ ಬದಲಾಯಿಸಬಹುದು, ಹಾಸನ್ನು ಮಾತ್ರ ಕೂರುವ ಮೊದಲೇ ಸರಿಯಾಗಿ ಬಿಗಿದಿರಬೇಕು. ಮಡಿಲ ಗಿಟಾರಿನ ಶ್ರುತಿಯೆಂಬುದು ಅದರ ಹಾಸು.

ಸಾಮಾನ್ಯ ಗಿಟಾರಿನ ಶ್ರುತಿ ದಪ್ಪ ತಂತಿಯಿಂದ ಸಣ್ಣ ತಂತಿಗೆ ಇ, ಎ, ಡಿ, ಜಿ, ಬಿ, ಇ ಎಂದಿರುತ್ತದೆ. ಇದರ ಮೇಲೆ ಸಲಾಕೆ ಇಟ್ಟು ಆರನ್ನೂ ಮೀಟಿದರೆ ಕಿವಿ ಒಪ್ಪುವ ಸ್ವರಗುಚ್ಛ ಹುಟ್ಟುವುದಿಲ್ಲ. ಅದಕ್ಕಾಗಿ ತೆರೆದ ತಂತಿಗಳೇ ಒಂದು ಗುಚ್ಛವಾಗುವಂತೆ ಕೂಡಿಸುತ್ತಾರೆ. ಡೋಬ್ರೊ ನುಡಿಸುವವರ ಪ್ರಸಿದ್ಧ ಶ್ರುತಿ ಜಿ, ಬಿ, ಡಿ, ಜಿ, ಬಿ, ಡಿ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಸ ಗ ಪ, ಸ ಗ ಪ. ಇದರ ಅನುಕೂಲವನ್ನು ನೋಡಿರಿ: ಸಲಾಕೆ ಇಲ್ಲದೆ ಮೀಟಿದರೆ ಷಡ್ಜದ ಗುಚ್ಛ, ಐದನೆಯ ಮೆಟ್ಟಿಲಿನಲ್ಲಿ ಇಟ್ಟರೆ ಮಧ್ಯಮದ ಗುಚ್ಛ, ಏಳನೆಯದರಲ್ಲಿ ಪಂಚಮದ ಗುಚ್ಛ, ಹನ್ನೆರಡನೆಯದರಲ್ಲಿ ಮತ್ತೆ ತಾರಷಡ್ಜದ್ದು. ಕಂಟ್ರಿ ಹಾಡುಗಳಲ್ಲಿ ಬಹುಪಾಲಿಗೆ ಈ ಮೂರು ಗುಚ್ಛಗಳೇ ಸಾಕು.

ಈ ಸುಲಭವನ್ನು ಕಂಡು ಮರುಳಾದ ನಾನು, ಹಿಂದುಮುಂದು ಯೋಚಿಸದೆ ಮಾವನ ಹಳೆಯ ಗಿಟಾರಿನ ಬಿರಡೆಗಳನ್ನು ತಿರುಗಿಸತೊಡಗಿದೆ. ಇ ತಂತಿಯನ್ನು ಜಿ ವರೆಗೆ ಎಂದರೆ ಮೂರು ಅರ್ಧಸ್ವರ, ಎ ತಂತಿಯನ್ನು ಬಿ ವರೆಗೆ ಎಂದರೆ ಎರಡು ಅರ್ಧಸ್ವರ ಏರಿಸಬೇಕಾಗಿತ್ತು. ತಂತಿಯ ಬಿಗಿ ಸ್ವರದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ ಎಂಬ ಭೌತಶಾಸ್ತ್ರದ ನಿಯಮ ಆಗ ನೆನಪಾಗಲಿಲ್ಲ. ಎರಡು ಅರ್ಧಸ್ವರ ಏರಿಸಿದರೆ ಬಿಗಿ ನೂರಕ್ಕೆ ಸುಮಾರು ೨೬ರಷ್ಟು ಹೆಚ್ಚುತ್ತದೆ, ಮೂರು ಏರಿಸಿದರೆ ಸುಮಾರು ೪೧ರಷ್ಟು. ಆ ರಾತ್ರಿ ಹಾಸ್ಟೆಲಿನಲ್ಲಿ ಟಪ್ಪೆಂದು ಸದ್ದಾಯಿತು. ತಂತಿಗಳನ್ನು ಹಿಡಿದ ಮರದ ಕುದುರೆ ಒಂದು ಬದಿಯಲ್ಲಿ ಹಲಗೆಯಿಂದ ಮೇಲೆದ್ದಿತ್ತು. ಮಾವನ ನೆನಪಿಗೆ ಇದ್ದ ಒಂದೇ ವಸ್ತುವನ್ನು ಕೈಯಾರೆ ಮುರಿದೆನೆಂದು ನನಗೆ ನಿದ್ರೆ ಬರಲಿಲ್ಲ. ಬಡಗಿಯೊಬ್ಬರು ಅದನ್ನು ಅಂಟುಹಾಕಿ ಉಳಿಸಿಕೊಟ್ಟರು. ಡೋಬ್ರೊ ಶ್ರುತಿ ಬೇಕಾದವರು ಆ ಎರಡು ತಂತಿಗಳ ಬದಲು ತೆಳುವಾದವನ್ನು ಹಾಕಬೇಕು. ಇಲ್ಲವೇ ಡಿ, ಜಿ, ಡಿ, ಜಿ, ಬಿ, ಡಿ, ಎಂದರೆ ಪ ಸ ಪ ಸ ಗ ಪ ಎಂದು ಕೂಡಿಸಬೇಕು. ಇದರಲ್ಲಿ ಮೂರು ತಂತಿಗಳನ್ನು ಇಳಿಸುವುದುಂಟೇ ಹೊರತು ಯಾವುದನ್ನೂ ಏರಿಸುವಂತಿಲ್ಲ. ವಾದ್ಯ ಹಳೆಯದಾದಷ್ಟೂ ಇಳಿಸುವುದೇ ಕ್ಷೇಮ.

ಎರಡನೆಯ ಶ್ರುತಿ ಡಿ, ಎ, ಡಿ, ಎಫ್ ಶಾರ್ಪ್, ಎ, ಡಿ. ಎಂದರೆ ಸ ಪ ಸ ಗ ಪ ಸ. ಇಲ್ಲಿ ಅತಿ ದಪ್ಪ ತಂತಿಯೂ ಅತಿ ಸಣ್ಣ ತಂತಿಯೂ ಷಡ್ಜವೇ. ಕೆಳಗೆ ಆಧಾರ ಗಂಭೀರವಾಗಿ ನಿಲ್ಲುತ್ತದೆ, ಹಾಡಿನ ಧಾಟಿಯನ್ನು ಮೇಲಿನ ತಂತಿಯೊಂದರ ಮೇಲೆಯೇ ನುಡಿಸಬಹುದು. ಎಲ್ಲ ತಂತಿಗಳೂ ಇಳಿಯುತ್ತವೆ ಅಥವಾ ಇದ್ದಲ್ಲೇ ಇರುತ್ತವೆ.

ಮೂರನೆಯದು ಸಿ ಆರು ಎಂಬ ಹೆಸರಿನದು: ಸಿ, ಇ, ಜಿ, ಎ, ಸಿ, ಇ. ನಮ್ಮ ಸ್ವರಗಳಲ್ಲಿ ಸ ಗ ಪ ದ ಸ ಗ. ಇದನ್ನು ಪ್ರಸಿದ್ಧಿಗೆ ತಂದವರಲ್ಲಿ ಜೆರ್ರಿ ಬರ್ಡ್ ಮುಖ್ಯರು. ಇದರ ಚಮತ್ಕಾರವೆಂದರೆ, ದಪ್ಪನೆಯ ಮೂರು ತಂತಿಗಳನ್ನು ಮೀಟಿದರೆ ಸ ಗ ಪ ಎಂಬ ಉಲ್ಲಾಸದ ಗುಚ್ಛ. ಸಲಾಕೆಯನ್ನು ಕದಲಿಸದೆ ಸಣ್ಣನೆಯ ಮೂರನ್ನು ಮೀಟಿದರೆ ದ ಸ ಗ ಎಂಬ ವಿಷಾದದ ಗುಚ್ಛ. ಒಂದೇ ಮುಖದಲ್ಲಿ ನಗುವೂ ಅಳುವೂ ಇದ್ದಂತೆ. ಆದರೆ ಇದಕ್ಕೆ ತೆರುವ ಬೆಲೆಯೂ ಉಂಟು. ಆರನ್ನೂ ಒಟ್ಟಿಗೆ ಮೀಟಿದರೆ ಭಾವ ಕಲಸಿಹೋಗುತ್ತದೆ. ಬೇಡದ ತಂತಿಗಳನ್ನು ಬಲ ಅಂಗೈಯಿಂದ ಮೌನವಾಗಿಸುವ ಅಭ್ಯಾಸ ಬೇಕು. ತಂತಿಗಳ ಗಾತ್ರವನ್ನೂ ಬೇರೆಯಾಗಿಯೇ ಆರಿಸಬೇಕು. ಶ್ರುತಿಗಳ ಈ ಇಕ್ಕಟ್ಟನ್ನು ದಾಟಲೆಂದೇ ಮುಂದೆ, ನುಡಿಸುತ್ತಿರುವಾಗಲೇ ಕಾಲಿನಿಂದ ತಂತಿಯ ಸ್ವರ ಬದಲಿಸುವ ಪೆಡಲ್ ಗಿಟಾರು ಬಳಕೆಗೆ ಬಂದಿತು. ಬಡ್ ಐಸಾಕ್ಸ್ ೧೯೫೩ರಲ್ಲಿ ಧ್ವನಿಮುದ್ರಿತವಾದ 'ಸ್ಲೋಲಿ' ಎಂಬ ಹಾಡಿನಲ್ಲಿ ಅದನ್ನು ನುಡಿಸಿದ ಮೇಲೆ ಕಂಟ್ರಿ ಸಂಗೀತದ ನಾದವೇ ಬದಲಾಯಿತು.

ಇಷ್ಟನ್ನು ಕಲಿತ ಹೆಮ್ಮೆಯಿಂದ ಒಂದು ರಜೆಯಲ್ಲಿ ಗಿಟಾರನ್ನು ಹೊತ್ತು ಹನೂರಿನ ಬಸ್ಸು ಹತ್ತಿದೆ. ವಾದ್ಯವನ್ನು ಪ ಸ ಪ ಸ ಗ ಪ ಎಂದು ಕೂಡಿಸಿದ್ದೆ. ಅದರ ಷಡ್ಜ ಜಿ, ಎಂದರೆ ಹಾರ್ಮೋನಿಯಮ್ಮಿನ ಐದನೆಯ ಬಿಳಿ ಮನೆ. ತಾತ ಜಗುಲಿಯ ಮೇಲೆ ತಂಬೂರಿಯನ್ನು ನನ್ನ ಶ್ರುತಿಗೆ ಏರಿಸಿಕೊಂಡು ಒಂದು ಪದವನ್ನು ಎತ್ತಿಕೊಂಡರು. ಮೊಮ್ಮಗನ ಮೇಲಿನ ಪ್ರೀತಿಯಿಂದ ಆ ಎತ್ತರಕ್ಕೆ ಎಟಕಿಸಿ ಹಾಡಲು ಯತ್ನಿಸಿದರು. ಎರಡನೆಯ ಸಾಲಿನಲ್ಲಿ ದನಿ ಒಡೆಯಿತು. ಮೂರನೆಯ ಸಾಲಿನಲ್ಲಿ, ನಾನು ಸೊಗಸಾಗಿದೆಯೆಂದು ಆರು ತಂತಿಗಳನ್ನೂ ಮೀಟಿದ ಕೂಡಲೆ, ಹಾಡನ್ನು ನಿಲ್ಲಿಸಿಬಿಟ್ಟರು.

"ನಿನ್ ಪೆಟ್ಗೆ ನನ್ ಕೂಡ ಹಾಡೋದಿಲ್ಲ ಕನಾ ಮೊಗ, ನನ್ನ ತಿದ್ದೋಕೆ ಬತ್ತದ," ಎಂದರು. ತಂಬೂರಿಯನ್ನು ಗೂಟಕ್ಕೆ ತೂಗುಹಾಕಿ ಒಳಗೆ ಹೋದರು. ಅಂದು ಸಂಜೆ ಅವರು ಹಾಡಲಿಲ್ಲ. ಮರುದಿನವೂ ಹಾಡಲಿಲ್ಲ. ಅವರ ದನಿ ಇಳಿದದ್ದನ್ನು ಮನೆಯವರೆಲ್ಲರ ಮುಂದೆ ಎತ್ತಿ ತೋರಿಸಿದವನು ನಾನಾದೆನಲ್ಲ ಎಂಬ ನೋವಿನಿಂದ ಹಿಂತಿರುಗಿದೆ.

ಈ ಸಂಗತಿಯನ್ನು ಯಳಂದೂರಿನಲ್ಲಿ ವೀಣೆ ಹೇಳಿಕೊಡುವ ಹಿರಿಯರೊಬ್ಬರ ಮುಂದೆ ತೋಡಿಕೊಂಡೆ. ಅವರು ಎರಡು ದೋಷಗಳನ್ನು ಎತ್ತಿ ಹೇಳಿದರು. ಮೊದಲನೆಯದು, ಹಾಡುವವನ ಷಡ್ಜಕ್ಕೆ ವಾದ್ಯ ಬರಬೇಕೇ ಹೊರತು ವಾದ್ಯದ ಷಡ್ಜಕ್ಕೆ ಹಾಡುವವನನ್ನು ಎಳೆಯಬಾರದು. ಸಲಾಕೆಯನ್ನು ಮೇಲಿನ ಮೆಟ್ಟಿಲಿಗೆ ಸರಿಸಿ ಅವರ ಷಡ್ಜ ಹಿಡಿಯಬಹುದಲ್ಲ ಎಂದು ನಾನು ಕೇಳಿದೆ. "ಹಿಡಿಯಬಹುದು. ಆದರೆ ತೆರೆದ ತಂತಿಯ ಆಧಾರ ತಪ್ಪುತ್ತದೆ. ತಂಬೂರಿಯ ಪಕ್ಕದಲ್ಲಿ ಕುಳಿತು ಆಧಾರವನ್ನೇ ಬಿಟ್ಟುಕೊಟ್ಟರೆ ಏನು ಉಳಿಯಿತು?" ಎಂದರು. ಎರಡನೆಯ ದೋಷ ಗಾಂಧಾರದ್ದು. ಅವರು ತಮ್ಮ ವೀಣೆಯನ್ನು ತೋರಿಸಿದರು. ಅದರ ನಾಲ್ಕು ಮುಖ್ಯ ತಂತಿಗಳು ಸ ಪ ಸ ಪ, ತಾಳದ ಮೂರು ತಂತಿಗಳು ಸ ಪ ಸ. ಎಲ್ಲಿಯೂ ಗಾಂಧಾರದ ತಂತಿಯಿಲ್ಲ. ವೀಣೆಯ ಜಾತಿಯದೇ ಆಗಿ, ಮೆಟ್ಟಿಲುಗಳಿಲ್ಲದೆ, ಮರದ ಕೊರಡನ್ನು ಜಾರಿಸಿ ನುಡಿಸುವ ಗೋಟುವಾದ್ಯದಲ್ಲಿಯೂ ಮುಖ್ಯ ತಂತಿಗಳು ಷಡ್ಜ ಪಂಚಮಗಳೇ. ೧೯೬೭ರಲ್ಲಿ ಮೈಸೂರಿನಲ್ಲಿ ಹುಟ್ಟಿದ ರವಿಕಿರಣರ ವಾದನದಿಂದ ಲೋಕಕ್ಕೆ ಚೆನ್ನಾಗಿ ಪರಿಚಯವಾದ ವಾದ್ಯವಿದು. ಹವಾಯಿಯ ಉಕ್ಕಿನ ಸಲಾಕೆಗೆ ನಮ್ಮ ನಾಡಿನಲ್ಲೊಬ್ಬ ದಾಯಾದಿ ಉಂಟೆಂದು ನನಗೆ ತಿಳಿದದ್ದು ಅಂದೇ.

ಗಾಂಧಾರದ ತಂತಿ ಏಕೆ ಬೇಡವೆಂಬುದನ್ನು ಅವರು ಹೀಗೆ ವಿವರಿಸಿದರು. ಷಡ್ಜ ಪಂಚಮಗಳು ಅಚಲ ಸ್ವರಗಳು. ಗಾಂಧಾರವಾದರೋ ಹಾಡಿನಿಂದ ಹಾಡಿಗೆ ಸ್ಥಾನ ಬದಲಿಸುವಂಥದು. ಹಾರ್ಮೋನಿಯಮ್ಮಿನ ಗಾಂಧಾರವೇ ತಂಬೂರಿಯಿಂದ ತಾನಾಗಿ ಹೊಮ್ಮುವ ಗಾಂಧಾರಕ್ಕಿಂತ ಅರ್ಧಸ್ವರದ ನೂರರಲ್ಲಿ ಸುಮಾರು ೧೪ ಪಾಲು ಎತ್ತರವಾಗಿರುತ್ತದೆ. ಇನ್ನು ತಾತ ಹಾಡುವ ಪದದಲ್ಲಿ ಗಾಂಧಾರವು ಸಾಧಾರಣಕ್ಕೂ ಅಂತರಕ್ಕೂ ನಡುವೆ ತೊಟ್ಟಿಲಿನಂತೆ ತೂಗುತ್ತಿತ್ತು. ನನ್ನ ತಂತಿ ಮಾತ್ರ ಒಂದು ಜಾಗದಲ್ಲಿ ಗೂಟ ಹೊಡೆದಂತೆ ನಿಂತು, ನೀನು ತಪ್ಪು, ನೀನು ತಪ್ಪು ಎಂದು ಪ್ರತಿ ಸಾಲಿಗೂ ಹೇಳುತ್ತಿತ್ತು. ತಾತನ ಮಾತಿನ ಅರ್ಥ ನನಗೆ ಆಗ ಹೊಳೆಯಿತು.

ಹಾಸ್ಟೆಲಿಗೆ ಬಂದು ಹೊಸ ಶ್ರುತಿಯನ್ನು ಕೂಡಿಸಿದೆ. ತಾತನ ಷಡ್ಜ ಒಂದು ಕಾಲದಲ್ಲಿ ನಾಲ್ಕನೆಯ ಬಿಳಿ ಮನೆಯಲ್ಲಿ ಇದ್ದುದು ಈಗ ಎರಡನೆಯದಕ್ಕೆ, ಎಂದರೆ ಡಿ ಗೆ ಇಳಿದಿದೆ. ಆದುದರಿಂದ ಮೇಲೆ ಹೇಳಿದ ಎರಡನೆಯ ಶ್ರುತಿಯನ್ನೇ ಆಧಾರವಾಗಿಟ್ಟುಕೊಂಡು ಅದರ ಗಾಂಧಾರವನ್ನು ಮಾತ್ರ ತೆಗೆದೆ. ಗಾಂಧಾರದ ತಂತಿಯನ್ನು ಸಡಿಲಿಸಿ ಷಡ್ಜಕ್ಕೆ ಇಳಿಸಿದರೆ ಅದು ಜೋಲಾಡಿ ಸಲಾಕೆಯ ಕೆಳಗೆ ಗಿರಗುಟ್ಟುತ್ತದೆ. ಅದನ್ನು ಬಿಚ್ಚಿ ಅಲ್ಲಿ ಇನ್ನೊಂದು ಡಿ ತಂತಿಯನ್ನೇ ಬಿಗಿದೆ. ಹೀಗೆ ಡಿ, ಎ, ಡಿ, ಡಿ, ಎ, ಡಿ ಆಯಿತು. ಸ ಪ ಸ ಸ ಪ ಸ. ಯಾವ ತಂತಿಯ ಬಿಗಿಯೂ ಹೆಚ್ಚಲಿಲ್ಲ, ಅಂಟುಹಾಕಿದ ಕುದುರೆ ಅಲುಗಲಿಲ್ಲ. ನಡುವಿನ ಜೋಡಿ ಷಡ್ಜಗಳು ಒಂದಕ್ಕೊಂದು ಕೂಡಿದಾಗ ವಾದ್ಯವೇ ದೊಡ್ಡದಾದಂತೆ ಅನುರಣಿಸಿತು. ಕಂಟ್ರಿಯ ಸಿಹಿಯಾದ ಗುಚ್ಛಗಳನ್ನು ನಾನು ಕಳೆದುಕೊಂಡೆ, ನಿಜ. ಆದರೆ ಅದರ ಜಾರುನಡೆ ಎಲ್ಲಿಗೂ ಹೋಗಲಿಲ್ಲ. ತಂತಿಯಲ್ಲಿ ಇಲ್ಲದ ಗಾಂಧಾರವನ್ನು ಸಲಾಕೆಯೇ ಹುಡುಕಿಕೊಂಡು, ತಾತನ ದನಿ ಎಲ್ಲಿ ನಿಂತರೆ ಅಲ್ಲಿಗೆ ಹೋಗಿ ಸೇರಬಹುದಾಗಿತ್ತು.

ಮುಂದಿನ ರಜೆಯಲ್ಲಿ ಗಿಟಾರನ್ನು ಮಡಿಲಲ್ಲಿ ಇಟ್ಟುಕೊಂಡು ಜಗುಲಿಯ ಮೇಲೆ ಒಬ್ಬನೇ ಕುಳಿತೆ. ಹಾಡಿ ಎಂದು ಯಾರನ್ನೂ ಕೇಳಲಿಲ್ಲ. ಷಡ್ಜ ಪಂಚಮಗಳನ್ನು ಮಾತ್ರ ಮೆಲ್ಲನೆ ಮೀಟುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಕೆಮ್ಮು ಕೇಳಿಸಿತು, ಅನಂತರ ಗೂಟದಿಂದ ತಂಬೂರಿ ಇಳಿಸಿದ ಸದ್ದು. ತಾತ ಬಂದು ಪಕ್ಕದಲ್ಲಿ ಕುಳಿತು, ತಂಬೂರಿಯನ್ನು ಒಮ್ಮೆ ಮೀಟಿ ನೋಡಿ, "ಈಗ ಕೂತ್ಕತು ಮೊಗ," ಎಂದರು. ದೀಪ ಹಚ್ಚುವ ಹೊತ್ತಿನವರೆಗೂ ಹಾಡಿದರು.

ವಾಚಕ ಮಿತ್ರರಲ್ಲಿ ಯಾರಿಗಾದರೂ ಈ ವಾದ್ಯದ ಮೇಲೆ ಮನಸ್ಸಾದರೆ ಹೆಚ್ಚಿನ ಖರ್ಚೇನೂ ಇಲ್ಲ. ಸಾಧಾರಣ ಗಿಟಾರಿನ ತಲೆಯ ಬಳಿ ತಂತಿಗಳನ್ನು ಎತ್ತರಿಸುವ ಒಂದು ಪಟ್ಟಿ, ಕೈಗೆ ಒಂದು ನುಣುಪಾದ ಉಕ್ಕಿನ ಸಲಾಕೆ ಸಾಕು. ಶ್ರುತಿಗಳನ್ನು ಒಂದೊಂದಾಗಿ ಕೂಡಿಸಿ ನೋಡಿರಿ. ಪ್ರತಿಯೊಂದೂ ಏನನ್ನಾದರೂ ಕೊಡುತ್ತದೆ, ಏನನ್ನಾದರೂ ಕಸಿದುಕೊಳ್ಳುತ್ತದೆ. ಒಬ್ಬರೇ ನುಡಿಸುವಾಗ ತುಂಬಿದ ಗುಚ್ಛಗಳು ಚೆನ್ನ. ಇನ್ನೊಬ್ಬರೊಡನೆ ಕೂರುವಾಗ ಅವರಿಗಾಗಿ ಒಂದು ಸ್ವರದ ಜಾಗವನ್ನು ಖಾಲಿ ಬಿಡುವುದು ಅದಕ್ಕಿಂತ ಚೆನ್ನ.